ಪೆಟ್ರೋಲ್ ಟ್ಯಾಂಕ್ ಇಳಿಸಿದ ದಿನ

ಬೇಕರಿಯಲ್ಲಿ ಬೆಳಗಿನ ಪಾಳಿ ಮುಗಿಸಿ ಬಂದವಳೇ ಸೊಸೆ ಬಟ್ಟೆ ಬದಲಿಸಿ ಸೀದಾ ಶೆಡ್ಡಿಗೆ ಹೋಗುತ್ತಿದ್ದಳು. ಚಳಿಗಾಲ ಬಂತೆಂದರೆ ಅವಳದು ಇದೇ ಪಾಡು. ಹಿಮ ಕರಗಲೆಂದು ರಸ್ತೆಗೆ ಎರಚುವ ಉಪ್ಪು ತಾಗಿದರೆ ಹಳೆ ಕಾರಿನ ತಳ ಗೆದ್ದಲು ಹಿಡಿದ ಮರದಂತೆ ಉದುರುತ್ತದೆ. ಹಾಗಾಗಿ ಆ ಬೀದಿಯಲ್ಲಿ ಹಳೆ ಕಾರು ಸಾಕಿಕೊಂಡವರೆಲ್ಲ ಚಳಿ ಮುಗಿಯುವತನಕ ಗಾಡಿಯನ್ನು ಒಳಗಿಟ್ಟು ಬಿಚ್ಚುವುದು, ಉಜ್ಜುವುದು, ಮತ್ತೆ ಜೋಡಿಸುವುದು.

ಕಾರು ಮಾವನದು. ಲೇತ್ ಮೆಷಿನ್ ಮುಂದೆ ಆಯುಷ್ಯ ಸವೆಸಿದ ಮನುಷ್ಯ, ಈಗ ಕೈ ನಡುಕ. ಒಂದು ನಟ್ಟು ಹಿಡಿದರೆ ಅದು ಬೆರಳಲ್ಲೇ ಕುಣಿದು ಕೆಳಗೆ ಬೀಳುತ್ತಿತ್ತು. ಮಗ ಲಾರಿ ಡ್ರೈವರ್, "ಊರೂರು ಚಕ್ರ ತಿರುಗಿಸಿ ಬಂದು ಮನೇಲೂ ಚಕ್ರಾನೇ ನೋಡ್ಲಾ?" ಎಂದು ಕೈ ತೊಳೆದುಕೊಂಡಿದ್ದ. ಮೊದಮೊದಲು ಟಾರ್ಚ್ ಹಿಡಿಯಲು ಬಂದ ಸೊಸೆ, ವರ್ಷ ಕಳೆದಂತೆ ಸ್ಪ್ಯಾನರ್ ಹಿಡಿದಳು. ಮಾವ ಕುರ್ಚಿಯಲ್ಲಿ ಕೂತು ಹೇಳುವುದು, ಇವಳು ಕಾರಿನ ಕೆಳಗೆ ಮಲಗಿ ಮಾಡುವುದು.

ಅತ್ತೆಗೆ ಇದನ್ನು ಕಂಡರೆ ಮೈಯೆಲ್ಲ ಉರಿ. "ನಂಗೆ ಸವತಿ ಇದಾಳೆ, ಶೆಡ್ಡಲ್ಲಿ. ಈಗ ಸೊಸೇನೂ ಅವಳ ಕಡೆ ಸೇರ್ಕೊಂಡ್ಲು" ಎಂದು ಬಂದವರೆದುರೆಲ್ಲ ಹೇಳುವಳು. ಸೊಸೆಗೂ ಅತ್ತೆಯ ಮೇಲೆ ಮುನಿಸಿತ್ತು. ಏನು ಕೇಳಿದರೂ ಉತ್ತರವಿಲ್ಲ, ಮುಖ ತಿರುಗಿಸಿಕೊಂಡು ಹೋಗಿಬಿಡುವುದು. ಗೋಡೆಗಾದರೂ ಕಿವಿ ಇರುತ್ತದಂತೆ ಎಂದುಕೊಂಡು ಅವಳೂ ಮಾತು ಕಡಿಮೆ ಮಾಡಿದ್ದಳು.

ಆ ಮಧ್ಯಾಹ್ನ ಟ್ಯಾಂಕ್ ಇಳಿಸುವ ಕೆಲಸ. ಒಳಗೆ ತುಕ್ಕು ಕಟ್ಟಿ, ಶರತ್ಕಾಲದುದ್ದಕ್ಕೂ ಕಾರು ಕೆಮ್ಮಿ ಕೆಮ್ಮಿ ಓಡಿತ್ತು. ಉಳಿದ ಪೆಟ್ರೋಲನ್ನು ಸೊಸೆ ಅಗಲ ಬಾಯಿಯ ಟಬ್ಬಿಗೆ ಇಳಿಸಿಕೊಂಡಳು. ಹೊರಗೆ ಕೊರೆಯುವ ಗಾಳಿ. ಮಾವನಿಗೆ ಶೀತವಾದೀತೆಂದು ಶಟರ್ ಎಳೆದು ಚಿಲಕ ಹಾಕಿದ್ದಳು. ಹಾಕಬಾರದಿತ್ತು.

"ಆ ಟ್ಯಾಂಕಿನ ಪಟ್ಟಿ ಸಡಿಲ ಬಿಡು, ಬಿಡು..." ಎನ್ನುತ್ತ ಮಾವ ಎದ್ದರು. ಊರುಗೋಲು ಜಾರಿ ಟಬ್ಬಿನ ಅಂಚಿಗೆ ಬಡಿಯಿತು. ಟಬ್ಬು ಮಗುಚಿಕೊಂಡಿತು. ಮಾವನ ಪ್ಯಾಂಟು ಮೊಣಕಾಲಿನವರೆಗೆ ತೊಯ್ದುಹೋಯಿತು. ಶೆಡ್ಡಿನ ಹಳೆಯ ನೆಲ ಮನೆಯ ಕಡೆಗೆ ಕುಸಿದಿದ್ದರಿಂದ ಪೆಟ್ರೋಲ್ ನಿಧಾನವಾಗಿ ಅಡುಗೆಮನೆಯಿಂದ ಶೆಡ್ಡಿಗೆ ಬರುವ ಓಣಿಯ ಬಾಗಿಲಿನತ್ತ ಹರಿಯತೊಡಗಿತು.

ಕಾರಿನಡಿಯಿಂದ ತೆವಳಿ ಹೊರಬರುವಾಗಲೇ ಅವಳಿಗೆ ಓಣಿಯಲ್ಲಿ ಚಪ್ಪಲಿ ಎಳೆಯುವ ಸದ್ದು ಕೇಳಿಸಿತು. ಜೊತೆಗೆ ಅತ್ತೆಯ ಗೊಣಗು: "ಚಳೀಲಿ ಸೆಟೆದು ಸಾಯ್ತಾರೆ ಇಬ್ರೂ. ಹೇಳಿದ್ರೆ ಕೇಳಲ್ಲ. ತಗೊಳ್ಳಿ, ಹೊತ್ತಿಸ್ಕೊಂಡೇ ಬಂದಿದೀನಿ, ಕಾಯಿಸ್ಕೊಳ್ಳಿ."

ಸೀಮೆಎಣ್ಣೆಯ ಹೀಟರ್! ಹೊತ್ತಿಸಿಕೊಂಡೇ ತರುತ್ತಿದ್ದಾರೆ.

ಸೊಸೆ ನೆಗೆದು ಹೋಗಿ ಬಾಗಿಲಿಗೆ ಬೆನ್ನು ಕೊಟ್ಟಳು. "ಅತ್ತೆ, ಬರ್ಬೇಡಿ! ಬೆಂಕಿ ತರ್ಬೇಡಿ! ಪೆಟ್ರೋಲ್ ಚೆಲ್ಲಿದೆ!"

ಬಾಗಿಲು ಆ ಕಡೆಯಿಂದ ಅಲುಗಿತು. ಮತ್ತೊಮ್ಮೆ ಕಿರುಚಿದಳು, ಗಂಟಲು ಹರಿಯುವಂತೆ. ಅತ್ತೆ ಭುಜ ಕೊಟ್ಟು ತಳ್ಳುತ್ತಿದ್ದರು. "ಯಾಕೆ ಅಡ್ಡ ನಿಂತಿದೀಯೆ? ನನ್ನ ಮನೆ ಬಾಗ್ಲು ನಂಗೇ ಹಾಕ್ತೀಯಾ?"

ಪೆಟ್ರೋಲಿನ ನಾಲಗೆ ಅವಳ ಹಿಮ್ಮಡಿ ಮುಟ್ಟಿತ್ತು. ಬಾಗಿಲ ಕೆಳಗೆ ಬೆರಳು ತೂರುವಷ್ಟು ಸಂದು. ದ್ರವ ತಲುಪದಿದ್ದರೂ ಅದರ ಆವಿ ನೆಲ ಹಿಡಿದೇ ಹೋಗುತ್ತದೆಂದು ಮಾವನೇ ಕಲಿಸಿದ್ದರು. ಅವಳು ಒಂದು ಕೈಯಲ್ಲಿ ಬಾಗಿಲು ಒತ್ತಿ ಹಿಡಿದು, ಕಾರಿನ ಮೇಲೆ ಹೊದಿಸಿದ್ದ ಕಂಬಳಿ ಎಳೆದು ಸಂದಿಗೆ ತುರುಕಿದಳು. "ಮಾವ, ಲೈಟ್ ಸ್ವಿಚ್ ಮುಟ್ಬೇಡಿ! ನೀವು ಕೂಗಿ, ನೀವು!"

ಮಾವ ಎಂದೂ ದನಿ ಎತ್ತಿದವರಲ್ಲ. ಆಗ ಎತ್ತಿದರು. ಗುಡುಗಿನಂಥ ದಪ್ಪ ದನಿ ತಗಡಿನ ಗೋಡೆಗೆ ಬಡಿಯಿತು. "ಏ ಇವಳೇ! ಹಿಂದಕ್ಕೆ ಹೋಗು! ಪೆಟ್ರೋಲ್! ನಾನು ನೆಂದಿದೀನಿ!"

ತಳ್ಳಾಟ ನಿಂತಿತು. ಆಮೇಲೆ ಸದ್ದೇ ಇಲ್ಲ. ಹೋದರೇ? ಅಲ್ಲೇ ನಿಂತಿದ್ದಾರೆಯೇ? ಗಾಬರಿಯಲ್ಲಿ ಹೀಟರ್ ಕೈಜಾರಿದರೆ? ಬಾಗಿಲು ಬಿಟ್ಟು ಶಟರಿನತ್ತ ಓಡಲು ಸೊಸೆಗೆ ಧೈರ್ಯ ಸಾಲಲಿಲ್ಲ.

"ಮಾವ, ಚಿಲಕ ನೀವೇ ತೆಗೀಬೇಕು. ಕಬ್ಬಿಣ ಉಜ್ಜಿದ್ರೆ ಕಿಡಿ ಹಾರತ್ತೆ, ಕೊರಳಿನ ಮಫ್ಲರ್ ಸುತ್ತಿ."

ಆ ನಡುಗುವ ಕೈಗಳು ಮಫ್ಲರನ್ನು ಚಿಲಕಕ್ಕೆ ಸುತ್ತುವುದನ್ನು ಅವಳು ಬಾಗಿಲಿಗೊರಗಿಯೇ ನೋಡಿದಳು. ಜಾರಿತು. ಮತ್ತೆ ಸುತ್ತಿದರು. ಮತ್ತೆ ಜಾರಿತು. ಕೊನೆಗೆ ಅವರು ಎರಡು ಮಣಿಕಟ್ಟುಗಳ ನಡುವೆ ಚಿಲಕವನ್ನು ಇಕ್ಕಳದಂತೆ ಸಿಕ್ಕಿಸಿ, ಮೈಭಾರ ಬಿಟ್ಟು ಜಗ್ಗಿದರು. ಬಂತು.

ಶಟರ್ ತಾನಾಗಿಯೇ ಎದ್ದಿತು ಎಂದು ಅವಳಿಗೆ ಅನಿಸಿತು. ಹೊರಗಿನಿಂದ ಅತ್ತೆ ಎತ್ತುತ್ತಿದ್ದರು. ಬರಿಗಾಲು, ಕೆದರಿದ ಕೂದಲು. ಹೀಟರನ್ನು ಹಿತ್ತಲಿಗೆ ಒಯ್ದು, ಆರಿಸಿ, ಮನೆ ಸುತ್ತಿ ಹಿಮದ ಮೇಲೆ ಓಡಿಬಂದಿದ್ದರು. ಗಂಡನ ಕೊರಳಪಟ್ಟಿ ಹಿಡಿದು ಹೊರಗೆಳೆದು, ಬೀದಿಯೇ ನೋಡುತ್ತಿದ್ದರೂ ಲೆಕ್ಕಿಸದೆ ಅವರ ಪ್ಯಾಂಟು ಬಿಚ್ಚಿ ಎಸೆದು, ಕಾಲಿಗೆ ನೀರು ಸುರಿದರು. ಮಾವನ ಚರ್ಮ ಕೆಂಪಗೆ ಕಂದಿತ್ತು, ಅಷ್ಟೇ.

ಮಾವನಿಗೆ ಬೇರೆ ಕಂಬಳಿ ಹೊದಿಸಿ ಕೂರಿಸಿದ ಮೇಲೆ ಸೊಸೆಗೆ ಅಳು, ಸಿಟ್ಟು ಎರಡೂ ಒಟ್ಟಿಗೆ ಬಂದವು. "ಅಷ್ಟು ಕಿರುಚಿದೆನಲ್ಲ ಅತ್ತೆ! ನನ್ನ ಮಾತಂದ್ರೆ ಅಷ್ಟು ಅಸಡ್ಡೆನಾ?"

ಅತ್ತೆ ಅವಳ ತುಟಿಗಳನ್ನೇ ನೋಡುತ್ತಿದ್ದರು. ಆಮೇಲೆ ಹೇಳಿದರು: "ಕೇಳಿಸಲ್ಲ ಕಣೆ. ಇವ್ರ ದಪ್ಪ ದನಿ ಕೇಳತ್ತೆ. ನಿಂದು ಸಣ್ಣ ದನಿ, ಗಾಳಿ ಹಂಗೆ ಹೋಗ್ಬಿಡತ್ತೆ. ಕಿವುಡಿ ಅನ್ಸ್ಕೊಳ್ಳೋಕೆ ನಾಚಿಕೆ ಆಗಿ ಸುಮ್ನಿದ್ದೆ."

ಸೊಸೆ ಹಿಮದಲ್ಲಿ ನೀಲಿಗಟ್ಟಿದ್ದ ಅತ್ತೆಯ ಪಾದಗಳನ್ನು ಮಡಿಲಿಗೆ ಎಳೆದುಕೊಂಡು ಉಜ್ಜತೊಡಗಿದಳು. ಗ್ರೀಸು ಮೆತ್ತಿದ ಕೈ, ಪಾದವೆಲ್ಲ ಕಪ್ಪಾಯಿತು. ಅತ್ತೆ ಬೈಯಲಿಲ್ಲ.

ಮರುವಾರ ಇಬ್ಬರೂ ಕಿವಿ ಡಾಕ್ಟರ ಹತ್ತಿರ ಹೋಗಿ ಅತ್ತೆಗೆ ಶ್ರವಣಯಂತ್ರ ಹಾಕಿಸಿಕೊಂಡು ಬಂದರು. ಟ್ಯಾಂಕಿನ ತುಕ್ಕನ್ನು ಸೊಸೆ ಅಂಗಳದ ಬಿಸಿಲಲ್ಲಿ ತೊಳೆದಳು. ಅತ್ತೆ ಕಿಟಕಿಯಿಂದ ನೋಡುತ್ತ, "ಸವತಿಗೆ ಸ್ನಾನ ಆಯ್ತಾ?" ಎಂದು ಕೂಗಿದರು. "ಆಯ್ತು ಅತ್ತೆ" ಎಂದು ಸೊಸೆ ಎಂದಿನ ದನಿಯಲ್ಲೇ ಹೇಳಿದಳು. ಅತ್ತೆ ತಲೆಯಾಡಿಸಿ ಒಳಗೆ ಹೋದರು.