ಮೌಸ್ ಮುಟ್ಟದ ಮೇಡಂ

ಮೇಡಂ ನಮ್ಮ ಹಿಂದೆ ನಿಂತಾಗ ಸೆರಗಿನ ತುದಿಯನ್ನು ಬಲಗೈ ಮಣಿಕಟ್ಟಿಗೆ ಬಿಗಿಯಾಗಿ ಸುತ್ತಿ, ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಳ್ಳುತ್ತಿದ್ದರು. ಕೈ ತಾನಾಗಿ ನಮ್ಮ ಮೌಸಿಗೆ ಹೋಗಬಾರದಂತೆ, ಅದಕ್ಕೆ. ನಾವು ತಪ್ಪಿದಾಗ ಸೆರಗು ಇನ್ನೂ ಬಿಗಿಯಾಗಿ ಬಳೆ ಕಿರ್ ಎನ್ನುತ್ತಿತ್ತು. ಆ ಸದ್ದಿಗೆ ನನಗೆ ಮೈ ಉರಿಯುತ್ತಿತ್ತು. ಗೊತ್ತಿದ್ದವರು ತೋರಿಸಿಬಿಡಬೇಕಪ್ಪ.

ಮೈಸೂರು ಕಡೆಯವರು. ಗಂಡನ ಕೆಲಸದಿಂದಾಗಿ ಕಲ್ಕತ್ತಕ್ಕೆ ಬಂದು ಲೇಕ್ ಗಾರ್ಡನ್ಸ್‌ನಲ್ಲಿದ್ದರು. ನಮ್ಮ ಡಿಟಿಪಿ ಆಫೀಸಿನವರೆಲ್ಲ ಪುಟ ಜೋಡಿಸುವ ಹಳೆಯ ಪೇಜ್‌ಮೇಕರ್ ಬಿಟ್ಟು ಹೊಸ ಇನ್‌ಡಿಸೈನ್ ಹಿಡಿಯಬೇಕೆಂದು ಮಾಲೀಕರು ಹಟ ಮಾಡಿ, ಕಲಿಸಲು ಇವರನ್ನು ಕರೆಸಿದರು. ದುರ್ಗಾಪೂಜೆಯೊಳಗೆ ಕಲಿಯದವರು ಬೇರೆ ಕೆಲಸ ನೋಡಿಕೊಳ್ಳಿ ಎಂದೂ ಹೇಳಿದರು. ನಾನು ಎಂಟನೇ ಕ್ಲಾಸು ಫೇಲು, ಆ ಆಫೀಸಿನಲ್ಲಿ ಒಬ್ಬನೇ ಕನ್ನಡದವನು. ನನಗೆ ಬೇರೆ ಕೆಲಸ ಯಾರು ಕೊಡುತ್ತಾರೆ?

ಮೊದಲ ದಿನ ಪುಟದೊಳಗೆ ಒಂದು ಚಿತ್ರ ತರಲು ಹೇಳಿದರು. ಮೆನು ಇಳಿಸಿ ಎಂದಿನ ಜಾಗದಲ್ಲೇ ಒತ್ತಿದೆ. ಫೈಲೇ ಮುಚ್ಚಿಹೋಯಿತು.

"ಏನ್ ದಾದಾ, ಆಗ್ಲೇ ಅಂಗಡಿ ಬಂದ್ ಮಾಡಿದ್ರಾ?" ಎಂದು ಪಕ್ಕದ ಬಂಗಾಳಿ ಹಿಂದಿಯಲ್ಲಿ ಕಿಚಾಯಿಸಿದ. ಎಲ್ಲರೂ ನಕ್ಕರು. ಮೇಡಂ ನಗಲಿಲ್ಲ. ಚಹಾ ಹೊತ್ತಿನಲ್ಲಿ, ಅಷ್ಟೂ ಜನರ ಮಧ್ಯೆಯೇ, ಕನ್ನಡದಲ್ಲಿ ಕೇಳಿದರು:

"ಇಂಗ್ಲಿಷ್ ಮೆನು ಓದಕ್ಕೆ ಬರಲ್ಲ ಅಲ್ವೇನೋ ನಿಂಗೆ?"

"ಮೆಲ್ಲಗೆ, ಮೇಡಂ!"

"ಯಾಕೆ ಮೆಲ್ಲಗೆ? ಇಲ್ಲಿ ಯಾರಿಗ್ ಗೊತ್ತಾಗತ್ತೆ? ಹೇಳು."

"ಬರಲ್ಲ. ಏನೀಗ? ಜಾಗ ನೋಡ್ಕೊಂಡು ಒತ್ತೀನಿ. ಇಷ್ಟ್ ವರ್ಷ ನಡೀತು."

"ಈಗ ಜಾಗಾನೇ ಬದಲಾಯ್ತಲ್ಲ. ಇನ್ಮೇಲೆ ಏನ್ ಬೇಕು ಅಂತ ಮೊದಲು ಬಾಯಲ್ಲಿ ಹೇಳು. ಕನ್ನಡದಲ್ಲೇ ಹೇಳು. ಆಮೇಲೆ ಹುಡುಕು."

ಎಂಥ ಕಾಟ ಅದು! ನಾನು ಬೇಕಾದ್ದು ಹೇಳಬೇಕು, ಅವರು ಅದರ ಇಂಗ್ಲಿಷ್ ಪದ ಹೇಳಿ ಸುಮ್ಮನಾಗಬೇಕು, ಅಕ್ಷರ ಕೂಡಿಸಿ ಹುಡುಕಿ ಸಾಯಬೇಕಾದವನು ನಾನು. ಹಳೆಯದರಲ್ಲಿ ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಅರ್ಧ ದಿನ ಹೋಗುತ್ತಿತ್ತು.

"ಒಂದ್ಸಲ ತೋರ್ಸಿಬಿಡಿ ಮೇಡಂ, ಸಾಕು."

"ತೋರ್ಸಿದ್ರೆ ನೀನು ಮತ್ತೆ ಜಾಗಾನೇ ಕಲಿತೀಯ."

ಪೂಜೆ ಹತ್ತಿರ ಬಂದಾಗ ಮಾಲೀಕರು ನಾನು ಕಲಿತಿದ್ದೇನೋ ಇಲ್ಲವೋ ನೋಡಲು ಪಕ್ಕ ಕುರ್ಚಿ ಎಳೆದುಕೊಂಡು ಕುಳಿತರು. ಗಾರ್ಡನ್ ರೀಚ್ ಕಡೆಯ ಕ್ಲಬ್ಬೊಂದರ ಪೂಜಾ ಸಂಚಿಕೆ. ದುರ್ಗೆಯ ಚಿತ್ರ ಇಟ್ಟೆ. ಅಕ್ಷರಗಳೆಲ್ಲ ಹೋಗಿ ದೇವಿಯ ಮುಖದ ಮೇಲೇ ಕೂತವು. ಕೈ ಹಳೆಯ ಜಾಗಕ್ಕೆ ಓಡಿತು, ಅಲ್ಲಿ ಏನೂ ಇರಲಿಲ್ಲ. ಹಿಂದೆ ಬಳೆ ಕಿರ್ ಎಂದಿತು. ಮೇಡಂ ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ, ಮಹಾತಾಯಿ.

"ಅಕ್ಷರ ದೇವಿ ಸುತ್ತ ಸುತ್ಕೋಬೇಕು!" ಎಂದು ಸಿಟ್ಟಿನಲ್ಲಿ ಕಿರುಚಿದೆ. ಕಿರುಚಿದ ಮೇಲೆ ಸುತ್ತಿಕೊಳ್ಳುವುದಕ್ಕೆ ಅವರು ಹೇಳಿದ್ದ ಇಂಗ್ಲಿಷ್ ಪದ ನೆನಪಾಯಿತು: ರ‍್ಯಾಪ್. ಒಂದೊಂದೇ ಮೆನು ಇಳಿಸಿ ಅಕ್ಷರ ಕೂಡಿಸಿ ಓದಿದೆ. ಸಿಕ್ಕಿತು. ಸಾಲುಗಳು ದೇವಿಗೆ ಜಾಗ ಬಿಟ್ಟು ಸರಿದವು.

"ಇವನು ಯಾರನ್ನ ಬೈದಿದ್ದು?" ಎಂದರು ಮಾಲೀಕರು.

"ನನ್ನನ್ನೇ," ಎಂದರು ಮೇಡಂ. "ಇನ್ನು ಇವನಿಗೆ ನಾನು ಬೇಕಿಲ್ಲ."

ನನ್ನ ಕೆಲಸ ಉಳಿಯಿತು. ಮೇಡಂ ಉಳಿಯಲಿಲ್ಲ. ಗಂಡನಿಗೆ ಬೇರೆ ಊರಿಗೆ ವರ್ಗವಾಗಿ ಹೋದವರು, ಅಲ್ಲಿಯೇ ಕಾಯಿಲೆ ಬಿದ್ದು ತೀರಿಕೊಂಡರಂತೆ. ಅಷ್ಟು ಬೇಗ ಹೋಗುವಂಥದ್ದೇನಿತ್ತು?

ಹಾಳಾದ ಕಂಪ್ಯೂಟರಿಗೆ ಹೊಸದೇನಾದರೂ ಬಂದಾಗ ನನ್ನ ಕೈ ಇವತ್ತಿಗೂ ಮೊದಲು ಓಡುವುದು ಹಳೆಯ ಜಾಗಕ್ಕೇ. ಆಗ ಕೈ ಎತ್ತಿ, ಬೇಕಾದ್ದನ್ನು ಕನ್ನಡದಲ್ಲಿ ಜೋರಾಗಿ ಹೇಳುತ್ತೇನೆ. ಆಫೀಸಿನವರು ತಿರುಗಿ ನೋಡುತ್ತಾರೆ. ಅರ್ಥವಾಗುವವರು ಯಾರೂ ಇಲ್ಲ.