ಕರೆಂಟ್ ಉಳಿಸಲು ಹೋಗಿ

ಕಮಲಾಪುರದ ಬಸ್ಸು ಹಿಡಿಯಲು ನಾಲ್ಕು ಹೆಜ್ಜೆ ಓಡಿದ ನಮ್ಮ ಮನೆಯವರು ಬಸ್ಸು ಬಿಟ್ಟು ಲೈಟ್ ಕಂಬ ಹಿಡಿದುಕೊಂಡರು. "ವಯಸ್ಸಾತು ನಿಮಗ" ಎಂದು ನಕ್ಕೆ. ಅವರು ನಗಲಿಲ್ಲ. ನಗುವಷ್ಟು ಉಸಿರಿರಲಿಲ್ಲ.

ಹೊಸಪೇಟೆಯ ಡಾಕ್ಟರು ಎಕ್ಸ್-ರೇ ನೋಡಿ, ಏನು ಕೆಲಸವೆಂದು ಕೇಳಿದರು. ಸಂಡೂರಿನ ಗಣಿಯಲ್ಲಿ ಡ್ರಿಲ್ಲಿಂಗ್ ಎಂದೆ.

"ಸಿಲಿಕೋಸಿಸ್. ಧೂಳು ಶ್ವಾಸಕೋಶದೊಳಗ ಕುಂತುಬಿಟ್ಟೈತಿ. ತೆಗೆಯೋಕಾಗಲ್ಲಮ್ಮ."

ತೆಗೆಯೋಕಾಗಲ್ಲ.

ಇರುವ ಉಸಿರನ್ನು ಕಾಪಾಡಿಕೊಳ್ಳಲು ಡಾಕ್ಟರು ಇವರನ್ನು ನಮ್ಮ ಯಶವಂತನಗರದಲ್ಲೇ ನಡೆಯುವ ಕ್ಲಾಸಿಗೆ ಕಳಿಸಿದರು. ಸಮುದಾಯ ಭವನದಲ್ಲಿ ಇವರಂಥ ಏಳೆಂಟು ಮಂದಿ ಕೂಡುತ್ತಿದ್ದರು. ಫಿಸಿಯೋ ಸುಧಾ ಮೇಡಂ ವಾರಕ್ಕೊಮ್ಮೆ ಬಂದು ಉಸಿರಾಟ, ನಡಿಗೆ ಕಲಿಸುವರು. ಉಳಿದ ದಿನ ನಾವೇ ಮಾಡಿಕೊಳ್ಳಬೇಕು. ನಡೆದು ಸುಸ್ತಾದವರಿಗೆ ಸರದಿಯಂತೆ ಆಕ್ಸಿಜನ್ ಕೊಡಲು ಕರೆಂಟಿನ ಮಷಿನ್ ಒಂದಿತ್ತು. ಕೆಲವೇ ವಾರಗಳಲ್ಲಿ ಇವರು ಬಾವಿಕಟ್ಟೆಯವರೆಗೆ ನಡೆದು ಬಂದರು. ನನಗೆ ಹೋದ ಜೀವ ಬಂದಂತಾಯಿತು.

ಆಮೇಲೆ ಕರೆಂಟಿನ ದರ ಏರಿತು. ಕರೆಂಟ್ ಹೋದಾಗ ಭವನದ ಜನರೇಟರಿಗೆ ಹಾಕುವ ಡೀಸೆಲ್ಲೂ ಏರಿತು. ಹಗಲೂ ರಾತ್ರಿ ಓಡುವ ಅದಿರಿನ ಲಾರಿಗಳಿಗೆ ಡೀಸೆಲ್ಲಿನ ಬರವಿಲ್ಲ, ಉಸಿರಾಡಲು ಬಂದವರಿಗೆ ಮಾತ್ರ ಲೆಕ್ಕ! "ಬಿಲ್ ಇಳೀಲಿಲ್ಲಂದ್ರ ಕ್ಲಾಸ್ ಬಂದ್ ಮಾಡಬೇಕಾಗ್ತೈತ್ರಿ" ಎಂದು ಭವನದ ಅಧ್ಯಕ್ಷರು ಹೇಳಿ ಹೋದರು.

ಗಣಿಯಲ್ಲಿ ಒಂದು ತೂತು ಕೊರೆದು ಇನ್ನೊಂದಕ್ಕೆ ಹೋಗುವಾಗ ಕಂಪ್ರೆಸರ್ ಆಫ್ ಮಾಡಿ ಡೀಸೆಲ್ ಉಳಿಸುವುದರಲ್ಲಿ ಇವರದು ಎತ್ತಿದ ಕೈ. "ಸರದಿ ಮುಗಿದ ಕೂಡ್ಲೆ ಮಷಿನ್ ಬಂದ್ ಮಾಡ್ರಿ, ಸುಮ್ನ ಯಾಕ ಓಡಬೇಕು?" ಎಂದರು. ಎಲ್ಲರೂ ಗಣಿಯವರೇ. ಹೂಂ ಎಂದರು. ಒಬ್ಬೊಬ್ಬರೂ ಸ್ವಿಚ್ ಹಾಕಿ, ಸ್ವಲ್ಪ ಹೊತ್ತು ಮೂಗಿಗೆ ಪೈಪ್ ಇಟ್ಟುಕೊಂಡು, ಆಫ್ ಮಾಡಿ ಏಳುವರು. ಮೇಡಂ ಬರುವ ದಿನ ಅವರೇ ಮೊದಲು ಮಷಿನ್ ಹಚ್ಚಿ ಕೊನೆಯವರೆಗೂ ಓಡಿಸುತ್ತಿದ್ದುದರಿಂದ ಅವರಿಗಿದು ತಿಳಿಯಲಿಲ್ಲ.

ಇವರು ದಿನೇ ದಿನೇ ಕುಗ್ಗಿದರು. ಬಚ್ಚಲಿಗೆ ಹೋಗಿ ಬಂದರೂ ಏದುಸಿರು. ರೋಗವೇ ಏರುತ್ತಿದೆ ಎಂದು ನಾನು ಒಳಗೊಳಗೇ ಹೆದರಿದೆ.

ಒಂದು ದಿನ ಮೇಡಂ ಬಸ್ಸು ತಡವಾಯಿತು. ಕಾಯದೆ ನಡೆಯಲು ಹೋದ ಇವರು ಗೋಡೆ ಹಿಡಿದು ಕುಸಿದರು.

ತುಟಿ ನೀಲಿಗಟ್ಟಿತ್ತು.

ಮಷಿನ್ ಹಚ್ಚಿ ಮೂಗಿಗೆ ಪೈಪ್ ಇಟ್ಟೆ. ಅಷ್ಟರಲ್ಲಿ ಮೇಡಂ ಓಡಿಬಂದು ಬೆರಳಿಗೆ ಆಕ್ಸಿಜನ್ ಅಳೆಯುವ ಕ್ಲಿಪ್ ಹಾಕಿದರು. ನಂಬರ್ ಏರಲಿಲ್ಲ. ಮಷಿನ್ ಮೇಲೆ ಹಳದಿ ದೀಪ.

"ಈಗ ಹಚ್ಚೀರೇನು?"

"ಹೂಂರಿ. ಬಿಲ್ ಉಳೀಲಂತ ಸರದಿ ಬಂದಾಗಷ್ಟ ಹಚ್ತೀವಿ."

"ಅಯ್ಯೋ ಶಾಂತಮ್ಮ, ಹಚ್ಚಿದ ಕೂಡ್ಲೆ ಇದ್ರಾಗ ಪೂರ್ತಿ ಆಕ್ಸಿಜನ್ ಬರಂಗಿಲ್ಲ. ದೀಪ ಹಸಿರಾಗೋತನ ಬರೋದು ಹೆಚ್ಚುಕಡಿಮಿ ಈ ಹೊರಗಿನ ಗಾಳೀನ!"

ಇಷ್ಟು ದಿನ ಎಲ್ಲರೂ ಬರೀ ಗಾಳಿ ಕುಡಿದು ಎದ್ದಿದ್ದರು.

ಆ ಹಸಿರು ದೀಪಕ್ಕೆ ಕಾದಷ್ಟು ನಾನು ಯಾವುದಕ್ಕೂ ಕಾದಿಲ್ಲ. ಕೊನೆಗೂ ಹತ್ತಿತು. ನಿಧಾನವಾಗಿ ತುಟಿಗೆ ಬಣ್ಣ ಬಂತು. "ಗಣಿ ಬಿಟ್ರೂ ಗಣಿಬುದ್ಧಿ ಬಿಡಲಿಲ್ಲಲ್ರಿ" ಎಂದು ಬೈಯುತ್ತಲೇ ಅತ್ತುಬಿಟ್ಟೆ.

ಈಗ ಕ್ಲಾಸು ವಾರಕ್ಕೆ ಮೂರೇ ದಿನ. ಮಷಿನ್ ಮೊದಲಿನಿಂದ ಕೊನೆಯವರೆಗೂ ಓಡುತ್ತದೆ. ಫ್ಯಾನು, ಟ್ಯೂಬ್‌ಲೈಟು ಬಂದ್. ಅಧ್ಯಕ್ಷರು ಗೊಣಗುವುದು ನಿಂತಿಲ್ಲ. ಎಷ್ಟು ದಿನ ನಡೆಯುತ್ತದೋ ಗೊತ್ತಿಲ್ಲ. ನಡೆಯುತ್ತಿದೆಯಲ್ಲ, ಅದೇ ದೊಡ್ಡದು.

ಮೊನ್ನೆ ಕ್ಲಾಸಿನಲ್ಲಿ ಇವರು ಬೆವರು ಒರೆಸಿಕೊಳ್ಳುತ್ತಾ, "ಏ ಶಾಂತಾ, ಈ ಸೆಕೆಯೊಳಗ ನಮ್ಮನ್ನ ಕುದಿಸ್ಬೇಕಂತ ಮಾಡೀ ಏನು, ಹೋಗಿ ಆ ಫ್ಯಾನರ ಹಾಕು" ಎಂದು ರೇಗಿದರು. ನಡುವೆ ಎಲ್ಲೂ ನಿಲ್ಲದೆ, ಅಷ್ಟು ಉದ್ದದ ಮಾತು. ಬೈಸಿಕೊಂಡು ಅಷ್ಟು ಸಂತೋಷಪಟ್ಟಿದ್ದು ನಾನು ಅದೇ ಮೊದಲು. ಫ್ಯಾನು ಮಾತ್ರ ಹಾಕಲಿಲ್ಲ.