ಅಮ್ಮನ ಉಡಿಗೆ ಹೋದ ಅರ್ಜಿ

ಕಳೆದ ಶ್ರಾವಣದ ಒಂದು ಮಂಗಳವಾರ ಮಗಳ ಓದಿನ ಕಾಗದಗಳನ್ನೆಲ್ಲ ನನ್ನ ಕೈಯಾರೆ ಕಳೆದೆ. ಕಳ್ಳರು ಕದಿಯಲಿಲ್ಲ, ಬಸ್ಸಿನಲ್ಲಿ ಮರೆಯಲಿಲ್ಲ. ಉಚ್ಚಂಗೆಮ್ಮ ದೇವಿಯ ಉಡಿಗೆ ಹಾಕಿ ಬಂದೆ. ಓದುತ್ತಿರುವ ತಾಯಂದಿರೇ, ನಗು ಬಂದರೆ ನಗಿರಿ, ಈಗ ನಾನೂ ನಗುತ್ತೇನೆ. ಆದರೆ ಆ ಎರಡು ದಿನ ನಾನು ಪಟ್ಟ ಪಾಡು ಆ ತಾಯಿಗೇ ಗೊತ್ತು.

ನನ್ನ ಹೆಸರು ಓಬಮ್ಮ. ಕೂಡ್ಲಿಗಿ ಹತ್ತಿರದ ಹಳ್ಳಿಯೊಂದರ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತೇನೆ. ನಾವು ನಾಯಕರು, ಪರಿಶಿಷ್ಟ ಪಂಗಡದವರು. ನಾನು ಏಳನೆಯ ಕ್ಲಾಸಿಗೆ ಬಿಟ್ಟವಳು, ಗೂಡ್ಸ್ ಆಟೋ ಓಡಿಸುವ ನಮ್ಮ ಮನೆಯವರು ಶಾಲೆಯ ಮುಖವನ್ನೇ ನೋಡದವರು. ಇಂಥ ಮನೆಯಲ್ಲಿ ಹುಟ್ಟಿದ ಸುಮಾ ಹಾಸ್ಟೆಲ್ಲುಗಳಲ್ಲೇ ಬೆಳೆದು, ಎಂಎಸ್ಸಿ ಮುಗಿಸಿ, ಯೂನಿವರ್ಸಿಟಿಯಲ್ಲಿ ಪಿಎಚ್‌ಡಿಗೆ ಸೇರಿದಳು. ನಮ್ಮ ಸೀಮೆಯ ಗುಡ್ಡಗಳಲ್ಲಿ ಬೆಳೆಯುವ ಹುಲ್ಲುಗಳ ಮೇಲೆ ಅವಳ ಸಂಶೋಧನೆ. "ಹುಲ್ಲಿನ ವಿಚಾರ ಓದಾಕ ಅಷ್ಟು ದೂರ ಯಾಕವ್ವಾ? ನಮ್ಮ ಎಮ್ಮಿ ಕೇಳಿದ್ರ ಹೇಳ್ತಿತ್ತಲ್ಲ" ಎಂದು ಅವರಪ್ಪ ಚುಡಾಯಿಸುತ್ತಿದ್ದರು. ಊರಲ್ಲಿ ಮಾತ್ರ ಎದೆ ಉಬ್ಬಿಸಿಕೊಂಡು ತಿರುಗುತ್ತಿದ್ದರು.

ಮೊದಲ ವರ್ಷ ಹೇಗೋ ಕಳೆಯಿತು. ಮುಂದೆ ನಡೆಯಬೇಕಾದರೆ ಬುಡಕಟ್ಟು ವಿದ್ಯಾರ್ಥಿಗಳಿಗೆ ಕೊಡುವ ಫೆಲೋಶಿಪ್ ಸಿಗಲೇಬೇಕಿತ್ತು. ಅರ್ಜಿಗೆ ಗೈಡ್ ಅವರ ಸಹಿ ಹಾಕಿಸಿಕೊಂಡು ಸುಮಾ ಊರಿಗೆ ಬಂದಳು. ಕೊನೆಯ ದಿನಕ್ಕೆ ಇನ್ನೂ ಹನ್ನೆರಡು ದಿನ ಇತ್ತು. ಅಂದು ಉಳ್ಳಾಗಡ್ಡಿ ಹೆಚ್ಚುತ್ತ, ತಲೆ ಎತ್ತದೆ ಹೇಳಿದಳು: "ಈ ಸಲ ಬರ್ಲಿಲ್ಲಂದ್ರ ಬಿಟ್ಟು ಬರ್ತೀನವ್ವಾ. ಹರಪನಹಳ್ಳಿಯಾಗ ಒಂದು ಕಾನ್ವೆಂಟಿಗೆ ಟೀಚರ್ ಬೇಕಂತ." ಅವಳ ಕಣ್ಣಲ್ಲಿ ನೀರಿತ್ತು. ಉಳ್ಳಾಗಡ್ಡಿಯದು ಎಂದಳು. ಹೆತ್ತವಳಿಗೆ ಅಷ್ಟೂ ಗೊತ್ತಾಗುವುದಿಲ್ಲವೇ?

ಮರುದಿನ ಬೆಳಿಗ್ಗೆ ಅವಳು ಹುಲ್ಲು ನೋಡಲು ಗುಡ್ಡಕ್ಕೆ ಹೋದಾಗ, ನಾನು ಅವಳ ಪ್ಲಾಸ್ಟಿಕ್ ಕವರ್ ಎತ್ತಿಕೊಂಡು ಉಚ್ಚಂಗಿದುರ್ಗಕ್ಕೆ ಹೊರಟುಬಿಟ್ಟೆ. ಅರ್ಜಿ, ಮಾರ್ಕ್ಸ್ ಕಾರ್ಡು, ಜಾತಿ ಪತ್ರ, ಆದಾಯ ಪತ್ರ, ಎಲ್ಲವೂ ಅದರಲ್ಲೇ ಇದ್ದವು, ಎಲ್ಲವೂ ಅಸಲಿ. ಹೇಳಿದರೆ ಬಿಡುತ್ತಿರಲಿಲ್ಲ, ಅದಕ್ಕೇ ಹೇಳಲಿಲ್ಲ. ಕೊಟ್ಟೂರಿನವರೆಗೆ ಬಸ್ಸಿನಲ್ಲಿ ನಿಂತೇ ಹೋದೆ, ಕವರನ್ನು ಎದೆಗೆ ಅವುಚಿಕೊಂಡು. "ಏನಮ್ಮಾ, ಕೂಸು ಹಿಡ್ದಂಗ ಹಿಡ್ದೀಯಲ್ಲ" ಎಂದ ಕಂಡಕ್ಟರ್. "ಕೂಸಿಂದೇ ಐತಪ್ಪಾ" ಎಂದೆ.

ಹರಪನಹಳ್ಳಿಯಲ್ಲಿ ಬಸ್ಸು ಬದಲಿಸಿ, ದುರ್ಗದ ಮೆಟ್ಟಿಲು ಹತ್ತಿದೆ. ಅಮ್ಮನಿಗೆ ಉಡಿ ತುಂಬಲೆಂದು ರವಿಕೆ ಕಣದಲ್ಲಿ ಅಕ್ಕಿ, ಕಾಯಿ, ಅರಿಶಿನದ ಕೊಂಬು ಇಟ್ಟು, ಅದರಡಿ ಕವರನ್ನೂ ಸೇರಿಸಿ ಗಂಟು ಕಟ್ಟಿದೆ. ಒಂದು ನಿಮಿಷ ಪಾದಕ್ಕೆ ಮುಟ್ಟಿಸಿ, ಕವರ್ ವಾಪಸು ಕೊಡಿ ಎಂದು ಪೂಜಾರಪ್ಪನಿಗೆ ಹೇಳಬೇಕೆಂದಿದ್ದೆ. ಆದರೆ ಅಮ್ಮನ ಮುಖ ಕಂಡದ್ದೇ ತಡ, ಮಾತೆಲ್ಲ ಮರೆತುಹೋಯಿತು. "ಅವ್ವಾ, ನನ್ನ ಮಗಳ ಓದು ನಿಲ್ಲಿಸಬ್ಯಾಡ" ಎಂದು ಕಣ್ಣು ಮುಚ್ಚಿ ಅತ್ತುಬಿಟ್ಟೆ. ಹಿಂದಿನವರು ತಳ್ಳಿದರು, ಪೂಜಾರಪ್ಪ ಗಂಟು ತೆಗೆದುಕೊಂಡು ಕುಂಕುಮ ಕೊಟ್ಟರು, ಜನ ನನ್ನನ್ನು ಹೊರಗೆ ಸಾಗಿಸಿಬಿಟ್ಟರು. ಮನಸ್ಸು ಹಗುರಾಗಿ ಇಳಿದು ಬಂದೆ. ಹರಪನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿಯುವಾಗ ಕಂಕುಳೂ ಹಗುರ ಅನಿಸಿತು, ನೋಡಿ!

ಸಿಕ್ಕ ಬಸ್ಸು ಹತ್ತಿ ಮತ್ತೆ ದುರ್ಗಕ್ಕೆ ಓಡಿದೆ. ಪೂಜಾರಪ್ಪ ಪಾಪ, ಉಳಿದ ಗಂಟುಗಳನ್ನೆಲ್ಲ ಬಿಚ್ಚಿ ತೋರಿಸಿದರು. "ಬಂದ ಉಡಿಯೊಳಗ ಕೆಲವು ಮುತ್ತೈದೇರಿಗೆ ಪ್ರಸಾದ ಅಂತ ಕೊಟ್ಟೀವಮ್ಮಾ. ನಿಂದು ಯಾರ ಪಾಲಿಗೆ ಹೋತೋ, ಹೆಂಗ ಹೇಳ್ಲಿ?" ಎಂದರು.

ಮನೆಗೆ ಬಂದು ಸುಮಾಳಿಗೆ ಹೇಳಿದೆ. ಅವಳು ಹೊಸ್ತಿಲ ಮೇಲೇ ಕುಳಿತುಬಿಟ್ಟಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ನನ್ನ ಕೈ ಹಿಡಿದು, "ದೇವ್ರಿಗೆ ಅರ್ಜಿ ಹಾಕ್ತೀನಿ ಅಂದ್ರ ಖರೇನ ಅರ್ಜೀನ ಹಾಕ್ತಾರೇನವ್ವಾ?" ಎಂದು ನಗಲು ನೋಡಿ, ನಗಲಾಗದೆ ಅತ್ತಳು. ಮಾರ್ಕ್ಸ್ ಕಾರ್ಡುಗಳನ್ನು ಹೊಸದಾಗಿ ತೆಗೆಸಲು ತಿಂಗಳುಗಳೇ ಬೇಕಂತೆ.

ನನಗೆ ಅನ್ನ ಸೇರಲಿಲ್ಲ. ಮರುದಿನ ಶಾಲೆಯಲ್ಲಿ ಸಾಂಬಾರಿಗೆ ಉಪ್ಪನ್ನೇ ಹಾಕಲಿಲ್ಲ. ಒಲೆಯ ಮುಂದೆ ಕುಳಿತು ಅಮ್ಮನ ಜೊತೆ ಜಗಳಕ್ಕೇ ಇಳಿದೆ. "ನಿನಗ ಕಾಯಿ, ರವಿಕಿ ಸಾಲ್ಲಿಲ್ಲೇನು? ನನ್ನ ಮಗಳ ಮಾರ್ಕ್ಸ್ ಕಾರ್ಡು ಇಟ್ಕೊಂಡು ನೀ ಏನ್ ಮಾಡ್ತಿ?" ಎಂದು ಬೈದೆ. ದೇವರನ್ನು ಬೈದ ಪಾಪಕ್ಕೆ ಆಮೇಲೆ ತಪ್ಪುಕಾಣಿಕೆ ಹಾಕಿದ್ದೇನೆ.

ಗುರುವಾರ ಮಧ್ಯಾಹ್ನ ಮಕ್ಕಳಿಗೆ ಬಡಿಸುತ್ತಿದ್ದೆ. ಸುಮಾ ಚಪ್ಪಲಿಯೂ ಇಲ್ಲದೆ ಓಡಿ ಬಂದು ಫೋನನ್ನು ನನ್ನ ಕಿವಿಗೆ ಹಿಡಿದಳು. ಆ ಕಡೆ ಒಬ್ಬ ಹೆಣ್ಣುಮಗಳು ಜೋರು ದನಿಯಲ್ಲಿ ಕೇಳುತ್ತಿದ್ದಳು: "ಉಡಿ ತುಂಬಿದಾಕಿ ನೀನ ಏನವ್ವಾ? ನಾನು ಹಡಗಲಿ ಕಡಿ ಹಾಲಮ್ಮ. ಅಮ್ಮ ಮೊಮ್ಮಗನ್ನ ಕೊಡ್ತಾಳಂತ ಉಡಿ ತಂದು ಸೊಸಿ ಮಡ್ಲಿಗೆ ಹಾಕಿದ್ರ ಒಳಗ ಮಾರ್ಕ್ಸ್ ಕಾರ್ಡ್ ಐತಲ್ಲೇ!" ಅರ್ಜಿಯ ಮೇಲಿದ್ದ ನಂಬರು ನೋಡಿ ಸೊಸೆ ಫೋನ್ ಹಚ್ಚಿಕೊಟ್ಟಿದ್ದಳು. ಕೈಯಲ್ಲಿ ಸೌಟು ಹಿಡಿದುಕೊಂಡೇ ನಾನು ನೆಲಕ್ಕೆ ಹಣೆ ಹಚ್ಚಿದೆ.

ಅಷ್ಟರಲ್ಲಿ ಆ ಕಡೆ ಸೊಸೆ ಫೋನ್ ತೆಗೆದುಕೊಂಡಳು, ಈ ಕಡೆ ಸುಮಾ ಸ್ಪೀಕರಿಗೆ ಹಾಕಿದಳು. ರೇಣುಕಾ ಎಂದು ಹೆಸರು, ಸಣ್ಣ ದನಿ. "ಅಕ್ಕಾರ, ಆದಾಯ ಪತ್ರದ ಅವಧಿ ನೋಡೀರೇನ್ರಿ? ಅರ್ಜಿ ಮ್ಯಾಲ ಬರೆದಿರೋ ಕೊನೀ ದಿನಕ್ಕಿಂತ ಮೂರು ದಿನ ಮೊದ್ಲ ಮುಗಿತೈತಿ. ಕೊನೀ ದಿನದ ತನಕ ಅವಧಿ ಇರಬೇಕ್ರಿ, ಹಿಂಗ ಕೊಟ್ರ ತಿರುಗಿ ಕಳಿಸ್ತಾರ್ರಿ." ಸುಮಾ ಬಿಳಿಚಿಕೊಂಡಳು. ಎಂಎಸ್ಸಿಗೆ ಅದೇ ಪತ್ರ ನಡೆದಿತ್ತು, ಈಗಲೂ ನಡೆಯುತ್ತದೆಂದು ತಾರೀಖಿನ ಕಡೆ ಅವಳು ನೋಡಿರಲೇ ಇಲ್ಲ.

ಮರುದಿನ ತಾಯಿ ಮಗಳು ಇಬ್ಬರೂ ಹಡಗಲಿ ಬಸ್ಸು ಹತ್ತಿದೆವು. ಹಾಲಮ್ಮ ಮಲ್ಲಿಗೆ ಕಟ್ಟಿ ಮಾರುವವಳು. ಮನೆ ತುಂಬ ಹೂವು, ಹೂವಿನ ನಡುವೆ ನಮ್ಮ ಕವರು, ಮೇಲೆ ಕುಂಕುಮ. ತಾರೀಖು ಹೇಗೆ ಗೊತ್ತಾಯಿತು ಎಂದು ಸುಮಾ ಕೇಳಿದಾಗ ರೇಣುಕಾ ದಾರ ಸುತ್ತುತ್ತ ಹೇಳಿದಳು: "ಬಿಎ ಎರಡನೇ ವರ್ಷದಾಗ ನನ್ನ ಸ್ಕಾಲರ್‌ಶಿಪ್ ಅರ್ಜಿ ಇದಕ್ಕ ತಿರುಗಿ ಬಂದಿತ್ರಿ. ನನಗ ಹೇಳೋರು ಇರ್ಲಿಲ್ಲ. ಓದು ಬಿಟ್ಟೆ. ಅವತ್ತಿಂದ ಯಾವ ಕಾಗದ ಕಂಡ್ರೂ ಮೊದ್ಲು ತಾರೀಖು ನೋಡ್ತೀನಿ." ಹಾಲಮ್ಮ ಸೊಸೆಯ ತಲೆ ಸವರಿ, "ಇಷ್ಟು ದಿನ ನನಗೂ ಹೇಳಿಲ್ಲ ನೋಡು" ಎಂದಳು. ನನಗೆ ಆ ಹುಡುಗಿಯನ್ನು ಎತ್ತಿ ಮುದ್ದಾಡಬೇಕೆನಿಸಿತು.

ನಾಡಕಚೇರಿಯಲ್ಲಿ ಹೊಸ ಆದಾಯ ಪತ್ರಕ್ಕೆ ಹಾಕಿದೆವು. ವಾರದೊಳಗೆ ಬಂತು. ಕೊನೆಯ ದಿನದ ಹಿಂದಿನ ದಿನ ಸುಮಾ ಅರ್ಜಿ ಸಲ್ಲಿಸಿದಳು. ಪತ್ರದ ಅವಧಿ ಮುಗಿದಿದ್ದ ಕೆಲವರ ಅರ್ಜಿಗಳು ವಾಪಸಾದವು ಎಂದು ಆಮೇಲೆ ಆಫೀಸಿನವರೇ ಹೇಳಿದರಂತೆ. ಸಂಕ್ರಾಂತಿ ಕಳೆದ ಮೇಲೆ ಪಟ್ಟಿ ಬಂತು, ಸುಮಾಳ ಹೆಸರಿತ್ತು. ಫೋನಿನಲ್ಲಿ ಅವಳು, "ಅವ್ವಾ, ಬಂತು" ಎಂದಳು. ಅವರಪ್ಪ ಎಮ್ಮೆಗೆ ಒಂದು ಹಿಡಿ ಹಸಿ ಹುಲ್ಲು ಜಾಸ್ತಿ ಹಾಕಿ ಬಂದರು.

ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ. ಈ ವರ್ಷ ರೇಣುಕಾ ಮತ್ತೆ ಡಿಗ್ರಿಗೆ ಸೇರಿದ್ದಾಳೆ. ಅವಳ ಸ್ಕಾಲರ್‌ಶಿಪ್ ಅರ್ಜಿಯನ್ನು ಸುಮಾ ಪಕ್ಕದಲ್ಲಿ ಕುಳಿತು ತುಂಬಿಸಿದಳು. ಹಾಲಮ್ಮ, "ಮೊಮ್ಮಗ ಆಮ್ಯಾಲ ಬರ್ಲಿ ಬಿಡು, ಮೊದ್ಲು ಇಕಿ ಓದ್ಲಿ" ಎಂದು ಮನೆಗೆ ಬಂದವರಿಗೆಲ್ಲ ಹೇಳುತ್ತಾಳೆ. ಮೊನ್ನೆ ಹಾಲಮ್ಮ, ರೇಣುಕಾ ಇಬ್ಬರ ಜೊತೆ ದುರ್ಗದ ಮೆಟ್ಟಿಲು ಹತ್ತಿ ಅಮ್ಮನಿಗೆ ಕೈಮುಗಿದೆ. ಅಂದು ನಾನು ಬೇಡಿಕೊಂಡದ್ದು ನನ್ನ ಮಗಳೊಬ್ಬಳಿಗಾಗಿ. ಹಡಗಲಿ ಕಡೆ ರೇಣುಕಾ ಎಂಬ ಹುಡುಗಿ ಓದು ಬಿಟ್ಟು ಹೂ ಕಟ್ಟುತ್ತ ಕುಳಿತಿದ್ದಾಳೆಂದು ನನಗೆ ಗೊತ್ತಿರಲಿಲ್ಲ. ಅಮ್ಮನಿಗೆ ಗೊತ್ತಿತ್ತು.